ಅಣ್ಣ ಹಚ್ಚಿದ ಮಸಿ

ಮೊಮ್ಮಗ ಆಟಿಕೆಯ ಯುದ್ಧವಿಮಾನಕ್ಕೆ ಬಣ್ಣ ಬಳಿದು, ಹಳೆಯದಾಗಿ ಕಾಣಲೆಂದು ಕಪ್ಪು ಸವರುತ್ತಿದ್ದಾನೆ; ಆ ಟರ್ಪೆಂಟೈನ್ ವಾಸನೆಗೆ ನನಗೆ ತಲೆ ಎತ್ತಲಾಗುತ್ತಿಲ್ಲ.

ನಾನು ಚಿಕ್ಕವನಿದ್ದಾಗ ನಜರ್‌ಬಾದಿನ ನಮ್ಮ ಮನೆಯಲ್ಲಿ ಅಣ್ಣನೂ ಮರದಲ್ಲಿ ಅಂಥದ್ದೊಂದು ವಿಮಾನ ಕೆತ್ತಿ, ಟರ್ಪೆಂಟೈನ್ ಬೆರೆಸಿದ ಹಸಿರು ಬಣ್ಣ ಹಚ್ಚಿದ್ದ. ಯುದ್ಧ ಮಾಡಿ ಬಂದಂತೆ ಕಾಣಲೆಂದು ಲಾಟೀನಿನ ಮಸಿಯನ್ನು ಬೆರಳ ತುದಿಯಿಂದ ರೆಕ್ಕೆಗಳಿಗೆ ಮೆಲ್ಲಗೆ ತಿಕ್ಕಿದ್ದ. ನಾನು ಪಕ್ಕದಲ್ಲೇ ಕೂತು ಎಲ್ಲವನ್ನೂ ನೋಡಿದ್ದೆ. ಕೈ ಚಾಚಿದಾಗಲೆಲ್ಲ, “ಮುಟ್ಬೇಡ ಕಣೋ, ಹಾಳ್ಮಾಡ್ಬುಡ್ತೀಯ” ಎನ್ನುತ್ತಿದ್ದ.

ಆಯುಧಪೂಜೆಯ ಮಧ್ಯಾಹ್ನ ಅಣ್ಣ ಹೂವು ತರಲು ಹೋಗಿದ್ದ. ಕತ್ತರಿ, ಈಳಿಗೆಮಣೆ, ಸೈಕಲ್ಲು ಎಲ್ಲ ತೊಳೆದು ಮುಗಿಸಿದ ಅಜ್ಜಿ ವಿಮಾನವನ್ನು ಎತ್ತಿ ನೋಡಿದಳು. “ಇದೇನೋ ಮಗ, ಕೊಳೆನಾ?”

“ಹೂಂ ಅಜ್ಜಿ, ಕೊಳೆ,” ಎಂದೆ.

ಅವಳು ಸೀಗೇಪುಡಿ ಹಾಕಿ ತಿಕ್ಕಿದಳು. ಬಚ್ಚಲಿಗೆ ಕಪ್ಪು ನೀರು ಹರಿಯಿತು.

ಅಣ್ಣ ಬಂದು ನಿಂತಾಗ, “ನಾನೇ ತೊಳ್ದೆ ಕಣಪ್ಪ, ಹೊಸದ್ರಂಗೆ ಆಯ್ತು ನೋಡು,” ಎಂದು ಅಜ್ಜಿ ಹಿಗ್ಗಿದಳು.

ಅಣ್ಣ ಒಮ್ಮೆ ನನ್ನ ಮುಖ ನೋಡಿದ. “ಚೆನ್ನಾಗದೆ ಬುಡಜ್ಜಿ,” ಎಂದು ಅವಳಿಗೆ ಹೇಳಿ, ಒದ್ದೆ ವಿಮಾನವನ್ನು ನನ್ನತ್ತ ಹಿಡಿದ.

“ತಗೋ, ಇನ್ನು ಮುಟ್ಬೋದು.”

ನನ್ನ ಕೈ ಮೇಲೇಳಲಿಲ್ಲ.