ಓಟಗಾರನ ಮೈ

ಬಾಕ್ಸಿಂಗ್ ಪಂದ್ಯದ ಎರಡನೇ ಸುತ್ತು ಮುಗಿದಾಗ ಲೂರ್ದುಸ್ವಾಮಿ ಮೂಗಿನಲ್ಲಿ ರಕ್ತ ಸುರಿಸುತ್ತಾ ಮೂಲೆಯ ಸ್ಟೂಲಿನ ಮೇಲೆ ಕೂತ. ಸುಸ್ತೇನೂ ಆಗಿರಲಿಲ್ಲ. ಕಳೆದ ತಿಂಗಳು ಅವನ ಮೈ ಬದಲಾಯಿಸಿದಾಗ ಕೋಚ್ ಫಿಲೋಮಿನಾ ಮೈ ಮಾರುವ ಅಂಗಡಿಯಲ್ಲಿದ್ದ ಅತ್ಯುತ್ತಮ ಓಟಗಾರನ ಮೈಯನ್ನೇ ಆರಿಸಿದ್ದಳು. ಕೆಜಿಎಫ್‌ನ ಬಾಕ್ಸರ್‌ಗಳೆಲ್ಲ ಮೈಯನ್ನು ಓಡಿಸಿ, ಹಾರಿಸಿ ನೋಡಿಯೇ ಕೊಳ್ಳುತ್ತಿದ್ದರು. ಗುದ್ದಿ ನೋಡುವ ಪದ್ಧತಿ ಮಾತ್ರ ಇರಲಿಲ್ಲ.

"ಇಂಥ ಕಾಲಿಟ್ಕೊಂಡು ಯಾಕೋ ಹೊಡೆತ ತಿಂತೀಯ?" ಫಿಲೋಮಿನಾ ರಕ್ತ ಒರೆಸುತ್ತಾ ಬೈದಳು. "ನಮ್ಮಜ್ಜಿ ಆಗಿದ್ರೂ ಆ ಗುದ್ದು ತಪ್ಪಿಸ್ಕೋತಿದ್ಲು."

"ಗುದ್ದು ಬರೋದು ನಂಗೆ ಗೊತ್ತಾಗುತ್ತೆ ಅಕ್ಕ. ಅಷ್ಟರಲ್ಲಿ ಈ ಮೈ ಕಣ್ಣು ಮುಚ್ಚಿಬಿಡುತ್ತೆ. ಇವತ್ತಿಗೆ ಮುಂಚೆ ಇದಕ್ಕೆ ಯಾರೂ ಹೊಡೆದೇ ಇಲ್ಲ."

ಒರೆಸುತ್ತಿದ್ದ ಅವಳ ಕೈ ನಿಂತಿತು.

"ನನ್ನ ಹಳೇ ಮೈ ವಾಪಸ್ ಕೊಡಿಸು. ಮೂಗು ಸೊಟ್ಟಗಿದ್ರೂ ಅದಕ್ಕೆ ಪೆಟ್ಟು ತಿಂದು ಗೊತ್ತಿತ್ತು."

"ಅಂಗಡೀಲಿ ಅದನ್ನ ಯಾರೂ ಕೊಳ್ಳಲಿಲ್ಲ ಕಣೋ," ಎಂದಳು ಫಿಲೋಮಿನಾ. "ಸೋಮವಾರ ಸುಟ್ಟುಬಿಟ್ರು."

ಲೂರ್ದುಸ್ವಾಮಿ ಸ್ವಲ್ಪ ಹೊತ್ತು ತನ್ನದಲ್ಲದ ಆ ನುಣುಪಾದ ಮೊಣಕಾಲುಗಳನ್ನು ನೋಡಿದ.

"ಹಾಗಾದ್ರೆ ಇದಕ್ಕೇ ಪೆಟ್ಟು ತಿನ್ನೋದು ಕಲಿಸ್ಬೇಕು," ಎಂದ.

ಗಂಟೆ ಮೊಳಗಿತು. ಫಿಲೋಮಿನಾ ಬೇಡವೆಂದು ಕೂಗುತ್ತಿದ್ದಂತೆಯೇ ಅವನು ರಿಂಗಿನ ನಡುವೆ ಹೋಗಿ, ಎದುರಾಳಿಯ ಮುಂದೆ ಎರಡೂ ಕೈ ಕೆಳಗಿಳಿಸಿ ನಿಂತ.