ಅಗಳಿ ಹಾಕಿದ ಮನೆಯ ತಪಾಸಣೆ

"ಬಾಗಿಲು ತೆಗಿ! ಪ್ಲೇಗ್ ತಪಾಸಣೆ!"

ಹನುಮಂತಯ್ಯ ಅಡುಗೆಮನೆಯ ಬಾಗಿಲನ್ನು ದೊಣ್ಣೆಯಿಂದ ಬಡಿದ. ಇಲಿ ಸತ್ತು ಬಿದ್ದ ಮೇಲೆ ಹೊಳಲ್ಕೆರೆಯ ಪೇಟೆಬೀದಿಯೆಲ್ಲ ಊರು ಬಿಟ್ಟು ಹೊಲದ ಗುಡಿಸಲು ಸೇರಿತ್ತು. ಈ ಮನೆಯಲ್ಲಿ ಮಾತ್ರ ಒಲೆ ಉರಿಯುತ್ತಿತ್ತು. ಯಾಕೆ?

ಉಚ್ಚಂಗಮ್ಮ ಬಾಗಿಲು ತೆರೆದಳು. "ಮೆಲ್ಲಗ್ರಿ, ನಿಮ್ಮ ಕಾಲಿಗೆ ಬೀಳ್ತೀನಿ. ಬೀದಿಗೆ ಕೇಳ್ತೈತೆ."

"ಕೇಳಲಿ! ಹಾಡಹಗಲಲ್ಲಿ ತಲೆಬಾಗಿಲಿಗೆ ಅಗಳಿ ಯಾಕಮ್ಮ? ಇಲಿಗಳೇನು ಕದ ತಟ್ಟಿ ಬರ್ತಾವೆಯೆ?"

ಅವಳು ನಗಲಿಲ್ಲ.

ನಡುಮನೆಯ ಮೂಲೆಯಲ್ಲಿ ಚಾಪೆ, ಅದರ ಮೇಲೆ ಕಂಬಳಿ. ಹನುಮಂತಯ್ಯ ಗೋಡೆ ಹಿಡಿದು ಬಗ್ಗಿ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು. ಮನೆ ಮನೆ ಸುತ್ತಿ ಅವನ ತೊಡೆ ಸೆಳೆಯುತ್ತಿತ್ತು. ಇರಲಿ, ಕಳ್ಳ ಸಿಕ್ಕಂತೆಯೇ.

"ಯಾರು ಮಲಗಿದ್ದರು ಇಲ್ಲಿ?"

"ಯಾರಾದ್ರೇನು, ಈಗ ನೀವು ಮಲಗ್ರಿ. ಗಂಜಿ ಕಾಸೀನಿ, ಒಂದು ಗುಟುಕು ಕುಡೀರಿ."

"ಆಹಾ, ಲಂಚ! ಅದೂ ಗಂಜಿ! ನಿನ್ನ ಗಂಡ ಎಲ್ಲಿ?"

ಉಚ್ಚಂಗಮ್ಮ ಅವನನ್ನೇ ನೋಡಿದಳು. ಕಣ್ಣು ತುಂಬಿತು.

"ಹೆಸರಾದರೂ ಹೇಳು."

ಸೆರಗು ಕಚ್ಚಿದಳು. ಗಂಡನ ಹೆಸರು ಯಾವ ಗರತಿಯ ಬಾಯಲ್ಲಿ ಬರುತ್ತದೆ?

"ಬಚ್ಚಿಟ್ಟಿದ್ದೀಯೆ! ಊರಾಚೆಯ ಪ್ಲೇಗ್ ಶೆಡ್ಡಿಗೆ ಹಾಕಿಸ್ತೀನಿ ಅವನನ್ನ."

"ಶೆಡ್ಡಿಗೆ ಹೋದೋರು ಯಾರು ತಿರುಗಿ ಬಂದಾರೆ? ಪಕ್ಕದ ಮನೆ ಚಂದ್ರಕ್ಕನ ಮಗ ಬಂದ್ನಾ? ಅವರನ್ನ ನನ್ನ ಕೈಯಾಗೆ ಬಿಡ್ರಿ, ನಾನೇ ಉಳಿಸ್ಕಂತೀನಿ."

ತಲೆಬಾಗಿಲ ಮೇಲೆ ಏಟು ಬಿತ್ತು.

ಹನುಮಂತಯ್ಯ ಬಾಯಿ ತೆರೆದ. ಉಚ್ಚಂಗಮ್ಮ ಅಂಗೈಯಿಂದ ಮುಚ್ಚಿದಳು, ಕೈ ಸುಟ್ಟಂತಾಯಿತು. ಅವನನ್ನು ಅಡುಗೆಮನೆಯೊಳಕ್ಕೆ ನೂಕಿ ಕದ ಎಳೆದಳು. ಆಮೇಲೆ ಅಗಳಿ ತೆಗೆದಳು.

ಹೊರಗೆ ಕೋಟು, ರುಮಾಲು. ಹಿಂದೆ ಡೋಲಿ ಹಿಡಿದ ಇಬ್ಬರು.

"ನಮ್ಮ ಜವಾನ ಹನುಮಂತಯ್ಯನ ಮನೆ ಇದೇನಮ್ಮ?" ಎಂದರು ಪ್ಲೇಗ್ ಇನ್‌ಸ್ಪೆಕ್ಟರು. "ಮೊನ್ನೆಯಿಂದ ನನ್ನ ಜೊತೆ ತಪಾಸಣೆಗೆ ಬಂದಿಲ್ಲ. ಎಲ್ಲಿ ನಿನ್ನ ಗಂಡ?"

"ಭರಮಸಾಗರಕ್ಕೆ ಹೋಗ್ಯಾರ್ರಿ, ಅವರ ಅಕ್ಕನ ಮನೆಗೆ."

"ಜ್ವರಗಿರ ಇಲ್ಲ ತಾನೆ?"

"ಗುಂಡುಕಲ್ಲಿನಂಗೆ ಅವ್ರೆ."

ಇನ್‌ಸ್ಪೆಕ್ಟರು ತಲೆಯಾಡಿಸಿ ಮೆಟ್ಟಿಲಿಳಿದರು. ಉಚ್ಚಂಗಮ್ಮ ಉಸಿರು ಬಿಟ್ಟಳು.

"ಸುಳ್ಳು!" ಜ್ವರ ನೆತ್ತಿಗೇರಿದ ಜವಾನ ಒಳಗಿನಿಂದ ಇನ್‌ಸ್ಪೆಕ್ಟರದೇ ಧಾಟಿಯಲ್ಲಿ ಗುಡುಗಿದ. "ರೋಗಿ ಒಳಗೇ ಇದ್ದಾನೆ! ತನ್ನಿರೋ ಡೋಲಿ!"