ಷಡ್ಡಕನ ಕಾರಿನ ಕೆಳಗೆ

ಚಪ್ಪಲಿ ಸದ್ದು ಕೇಳುತ್ತಲೇ ಡ್ರೈವಿಂಗ್ ಮೇಷ್ಟ್ರು ಟಾರ್ಚ್ ಆರಿಸಿದರು. ಉಸಿರನ್ನೂ ಆರಿಸುವಂತಿದ್ದರೆ ಅದನ್ನೂ ಆರಿಸುತ್ತಿದ್ದರು. ಅವರು ಮಲಗಿದ್ದುದು ಷಡ್ಡಕನ ಕಾರಿನ ಕೆಳಗೆ. ಎದೆಯ ಮೇಲಿದ್ದುದು ಆ ಕಾರಿನಿಂದ ಆಗತಾನೇ ಬಿಚ್ಚಿದ ಹೊಗೆ ಸೋಸುವ ಡಬ್ಬಿ, ಮೆಕ್ಯಾನಿಕ್ಕುಗಳ ಬಾಯಲ್ಲಿ ಕನ್ವರ್ಟರ್.

ಶೆಡ್ಡು ಒಂದೇ, ಒಂದೇ ಮಾದರಿಯ ಹಳೇ ಕಾರು ಎರಡು. ಅಕ್ಕತಂಗಿಯರನ್ನು ಮದುವೆಯಾದ ಇಬ್ಬರೂ ಜೊತೆಯಲ್ಲೇ ಹೋಗಿ ಕೊಂಡಿದ್ದರು. ಆಗ ಮಾತಿತ್ತು. ಆಮೇಲೊಂದು ದಿನ ನೆಂಟರೆಲ್ಲ ಕೂತಿದ್ದಾಗ ಷಡ್ಡಕ, “ಇವನಿಗೆ ಗಾಡಿ ಓಡಿಸೋದು ಕಲಿಸೋಕೆ ಬರುತ್ತೆ, ಗಾಡಿ ಸಾಕೋಕೆ ಬರಲ್ಲ” ಎಂದುಬಿಟ್ಟ. ಎಲ್ಲರೂ ನಕ್ಕರು. ಅಂದಿನಿಂದ ಮೇಲಿನ ಮನೆಗೂ ಕೆಳಗಿನ ಮನೆಗೂ ಹೆಂಗಸರ ಮಾತಷ್ಟೇ ಓಡಾಡುತ್ತಿತ್ತು.

ಷಡ್ಡಕ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದವನು. ಕಾರನ್ನು ಒರೆಸುತ್ತಿದ್ದನೇ ಹೊರತು ಓಡಿಸುತ್ತಿರಲಿಲ್ಲ. ನೆಲ ಮುಟ್ಟುವ ಹೊದಿಕೆ ಹೊದಿಸಿ ಮಲಗಿಸಿದ್ದ. ಮೇಷ್ಟ್ರ ಕಾರೋ, ಕಲಿಯುವವರ ಕಾಲಿಗೆ ಸಿಕ್ಕಿ ಹೈರಾಣಾಗಿತ್ತು. ಅದರ ಡಬ್ಬಿ ಸತ್ತು, ಹಿಂದಿನಿಂದ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿತ್ತು. ಹೊಗೆ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ. ನಾಳೆಯದು ಕೊನೆಯ ಅವಕಾಶ. ತಪ್ಪಿದರೆ ಕಾರು ಗುಜರಿಗೆ, ಅದರ ಬೆನ್ನಿಗೆ ಡ್ರೈವಿಂಗ್ ಶಾಲೆಯೂ. ಹೊಸ ಡಬ್ಬಿ ಹಾಕಿಸೋಣವೆಂದರೆ ಮೂಗಿಗಿಂತ ಮೂಗುತಿ ಭಾರ. ಷಡ್ಡಕನನ್ನು ಕೇಳುವುದೇ? ಅದಕ್ಕಿಂತ ಕದಿಯುವುದೇ ಮರ್ಯಾದೆ. ಅಲ್ಲದೆ ಇದು ಕಳ್ಳತನವೇನಲ್ಲ, ಎರವಲು. ಪರೀಕ್ಷೆ ಮುಗಿದ ಮೇಲೆ ಅವನದು ಅವನಿಗೆ.

ಇಲ್ಲಿಯವರೆಗೆ ಅದೃಷ್ಟವೂ ಅವರ ಪಕ್ಷದಲ್ಲೇ ಇತ್ತು. ತುಕ್ಕು ಹಿಡಿದ ಬೋಲ್ಟುಗಳು ಮುರಿದೇಹೋಗುತ್ತವೆಂದು ಹೆದರಿದ್ದರು. ಆದರೆ ಮೊದಲು ತಮ್ಮ ಕಾರಿನವು, ಆಮೇಲೆ ಷಡ್ಡಕನ ಕಾರಿನವು, ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಈಗ ಅದಲುಬದಲು ಮಾಡಿ ಬಿಗಿದರೆ ಆಯಿತು.

ಹೊದಿಕೆಯ ಅಂಚಿನಾಚೆ ಷಡ್ಡಕನ ಚಪ್ಪಲಿ ನಿಂತಿತು. ಹಿಂದೆಯೇ ಮೇಷ್ಟ್ರ ಹೆಂಡತಿಯ ಕಾಲೂ ಬಂತು.

“ಭಾವ, ನಮ್ಮನೆಯವರನ್ನ ನೋಡಿದ್ರಾ?”

“ಅವನು ನನ್ನ ಕಣ್ಣಿಗೆ ಬೀಳ್ತಾನೇನಮ್ಮ?”

“ನಾಳೆ ಟೆಸ್ಟು. ಅನ್ನ ಸೇರ್ತಿಲ್ಲ ಅವರಿಗೆ. ನಿನ್ನೆ ಗಾಡೀಲಿ ಕೂತಾಗ ನಂಗೇನೋ ಆ ನಾತ ಬರಲಿಲ್ಲ. ಹೇಳಿದ್ರೆ, ನಿನ್ನ ಮೂಗು ಒಗ್ಗಿಹೋಗಿದೆ ಅಂತ ನನ್ನ ಮೇಲೇ ರೇಗಿದ್ರು.”

ಷಡ್ಡಕ ಕೆಮ್ಮಿದ. “ಪಾಸಾಗುತ್ತೆ ಬಿಡು. ನಿನ್ನ ಗಂಡ ಕೈಯಾಡಿಸದೆ ಸುಮ್ನಿದ್ರೆ ಸಾಕು.”

ಕೆಳಗೆ ಮೇಷ್ಟ್ರು ಹಲ್ಲು ಕಚ್ಚಿದರು. ಅದೇ ಜಂಬ, ಅದೇ ಕೊಂಕು! ಇವನ ಡಬ್ಬಿಯನ್ನು ಬಿಚ್ಚಿದ್ದು ಸರಿಯೇ ಆಯಿತು ಎನಿಸಿತು.

ಹೆಂಡತಿ ಹೋದಳು. ಷಡ್ಡಕ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತ. ಮೇಷ್ಟ್ರಿಗೆ ಬೆನ್ನಿನಡಿ ಸಿಮೆಂಟಿನ ಚಳಿ, ಎದೆಯ ಮೇಲೆ ಕಬ್ಬಿಣದ ಭಾರ, ಮೂಗಿನ ತುದಿಯಲ್ಲಿ ಸೀನು. ಹೊರಗೆ ಬಂದರೆ ಕಳ್ಳ, ಬರದಿದ್ದರೆ ಹೆಣ. ನಾಚಿಕೆಗೋ ಭಯಕ್ಕೋ ಕಣ್ಣಲ್ಲಿ ನೀರೇ ಬಂತು. ಯಾವ ಪುಣ್ಯವೋ, ಷಡ್ಡಕ ಕೊನೆಗೂ ಎದ್ದ. ಎದ್ದವನು ಹೊರಗಿನಿಂದ ಚಿಲಕ ಹಾಕಿಕೊಂಡು ನಡೆದ.

ಮತ್ತೆ ಟಾರ್ಚ್ ಹಚ್ಚುವ ಧೈರ್ಯ ಬರಲಿಲ್ಲ. ಕತ್ತಲಲ್ಲೇ ತಡವರಿಸಿ, ಅವನ ಡಬ್ಬಿಯನ್ನು ತಮ್ಮ ಕಾರಿಗೆ, ತಮ್ಮದನ್ನು ಅವನ ಕಾರಿಗೆ ಬಿಗಿದು, ಮೇಷ್ಟ್ರು ಹಿಂದಿನ ಕಿಟಕಿಯಿಂದ ಹಾರಿ ಮೊಣಕಾಲು ತರಚಿಕೊಂಡರು.

ಮರುದಿನ ಪರೀಕ್ಷಾ ಕೇಂದ್ರದಲ್ಲಿ ಅವರು ಸಿಳ್ಳೆ ಹಾಕುವುದೊಂದು ಬಾಕಿ. ಪರೀಕ್ಷಕ ಹೊಗೆ ಕೊಳವೆಗೆ ನಳಿಗೆ ತೂರಿಸಿದ, ಪರದೆ ನೋಡಿದ, ತಲೆಯಾಡಿಸಿದ.

“ಫೇಲ್.”

“ಸಾಧ್ಯವೇ ಇಲ್ಲ! ಡಬ್ಬೀನೇ ಬದಲಾಯಿಸಿದೀನಿ ಸ್ವಾಮಿ.”

ಪರೀಕ್ಷಕ ಕೋಲಿನ ತುದಿಯ ಕನ್ನಡಿಯನ್ನು ಕಾರಿನಡಿ ತೂರಿಸಿದ. ಡಬ್ಬಿಯ ಮೇಲೆ ಅಚ್ಚೊತ್ತಿದ ನಂಬರನ್ನು ಓದಿದ, ಹೋದ ಸಲ ಬರೆದುಕೊಂಡಿದ್ದಕ್ಕೆ ತಾಳೆ ನೋಡಿದ.

“ಅದೇ ಹಳೇ ಡಬ್ಬಿ. ಯಾರ ಕಿವಿ ಮೇಲೆ ಹೂ ಇಡ್ತೀರಿ ಮೇಷ್ಟ್ರೇ? ಕೀ ಕೊಡಿ, ಗಾಡಿ ಇನ್ನು ಹೊರಗೆ ಹೋಗೋ ಹಾಗಿಲ್ಲ.”

ಮೇಷ್ಟ್ರು ತಾವೇ ಬಗ್ಗಿ ನೋಡಿದರು. ಅಂಕಿ ಅಂಕಿಯೂ ಅದೇ. ಹೇಗೆ? ತಮ್ಮ ಕೈಯಿಂದಲೇ ಬಿಚ್ಚಿ, ತಮ್ಮ ಕೈಯಿಂದಲೇ ಬಿಗಿದಿದ್ದರಲ್ಲ! ಅಷ್ಟರಲ್ಲಿ ಜೇಬಿನಲ್ಲಿ ಫೋನು ರಿಂಗಾಯಿತು. ಹೆಂಡತಿ. ದನಿಯಲ್ಲಿ ನಗು ತುಂಬಿತ್ತು.

“ರೀ, ಪಾಸಾಯ್ತಲ್ವಾ? ಇನ್ನು ಹೇಳಬಹುದು ಅಂತ ಭಾವ ಈಗ ಬಾಯಿಬಿಟ್ರು. ಕೇಳಿದ್ರೆ ನೀವು ಬೇಡ ಅಂತೀರ ಅಂತ, ಭಾನುವಾರ ನೀವು ಮಲಗಿದ್ದಾಗ ತಮ್ಮ ಕಾರಿನ ಡಬ್ಬಿ ಬಿಚ್ಚಿ ನಮ್ಮದಕ್ಕೆ ಹಾಕಿ, ನಮ್ಮ ಹಾಳಾದ ಡಬ್ಬೀನ ತಮ್ಮ ಕಾರಿಗೆ ಹಾಕ್ಕೊಂಡ್ರಂತೆ!”